ಕೌದಿಗೆ ಹೋದ ರುಮಾಲು

ನೀಲಾ, ಬಸೂ, ಸಣ್ಣ ಈರಣ್ಣಾ,

ನಿಮ್ಮ ತಾಯಿಯನ್ನು ಹೆತ್ತ ಈ ಆಯಿ ನಾಚಿಕೆಯವಳೆಂದು ನಿಮಗೆ ಗೊತ್ತೇ ಇದೆ. ನಾಲ್ಕು ಜನ ಕೂತಲ್ಲಿ ನನಗೆ ಬಾಯಿ ಬರುವುದಿಲ್ಲ. ಬಂದರೂ ಅಡುಗೆಮನೆಯ ಬಾಗಿಲ ಹಿಂದಿನಿಂದ ಬರುತ್ತದೆ. ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದಾಗ ನಮ್ಮ ಮಾಸ್ತರರು ಅಪ್ಪನಿಗೆ, "ಈ ಹುಡುಗಿಗೆ ಓದಾಕ ಬರತೈತಿ, ಬರಿಯಾಕ ಬರತೈತಿ. ಮಾತಾಡಾಕ ಬರತೈತೋ ಇಲ್ಲೋ ನಾಲ್ಕು ವರ್ಷದಾಗ ನನಗ ಗೊತ್ತಾಗಲಿಲ್ಲ" ಎಂದಿದ್ದರು. ಮಾಸ್ತರರು ಹೇಳಿದ್ದು ಖರೆಯೇ. ಅದಕ್ಕೇ ಬಾಯಿಂದ ಹೇಳಲಾಗದ ಒಂದು ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಮಾತೇನಲ್ಲ. ಒಬ್ಬ ದೊಡ್ಡ ಮನುಷ್ಯನ ಮರ್ಯಾದೆಯನ್ನು ನಾನು ಒಂದು ಮಧ್ಯಾಹ್ನ, ಚುರಮರಿ ತಿನ್ನುತ್ತ, ಕತ್ತರಿಯಿಂದ ಒಂಬತ್ತು ತುಂಡು ಮಾಡಿದ್ದೆ. ಅಷ್ಟೇ.

ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಈಗೇಕೆ ಹೊರಗೆ ಹಾಕುತ್ತೀ ಎಂದು ಕೇಳಬಹುದು. ಅದಕ್ಕೆ ಕಾರಣ ಬಸು. ಕಳೆದ ಬೇಸಿಗೆಯ ಸೂಟಿಯಲ್ಲಿ ನಾನು ನಿಮ್ಮ ಮನೆಗೆ ಬಂದಾಗ, ಪಡಸಾಲೆಯಲ್ಲಿ ತೂಗುಹಾಕಿರುವ, ತಲೆಗೆ ರುಮಾಲು ಸುತ್ತಿದ ನಿಮ್ಮ ಅಜ್ಜನ ಫೋಟೋದ ಕೆಳಗೆ ನಿಂತು ಇವನು ಒಂದು ಭಾಷಣ ಮಾಡಿದ. "ಆಯೀ, ನೋಡು, ಎಡಗಿವಿ ಮ್ಯಾಲೆ ರುಮಾಲ ಹಿಂಗ ಉಬ್ಬಿಸಿ ಸುತ್ತೋದು ನಮ್ಮ ಮನಿತನದ ಪದ್ಧತಿ. ಮುತ್ತಜ್ಜನ ಮುತ್ತಜ್ಜನ ಕಾಲದಿಂದ ಬಂದದ್ದು. ನಾ ಸಾಲ್ಯಾಗ ನಿಬಂಧ ಬರದೀನಿ. ಮಾಸ್ತರು ಎಲ್ಲಾರ ಮುಂದ ಓದಿಸಿದ್ರು!" ನಾನು ಚಹಾದ ಬಟ್ಟಲನ್ನು ಕೆಳಗಿಟ್ಟೆ. ಅದು ಸಾಲದೆಂಬಂತೆ ಅದೇ ಸಂಜೆ ನೀಲಾ ಹಳೆಯ ಕೌದಿ ಹೊದ್ದುಕೊಂಡು, "ಆಯೀ, ಇದರ ಅಂಚೆಲ್ಲಾ ಕೆಂಪು ಐತಿ, ಈ ಒಂದು ಮೂಲಿ ಮಾತ್ರ ಉಳ್ಳಾಗಡ್ಡಿ ಸಿಪ್ಪಿ ಬಣ್ಣ ಯಾಕ?" ಎಂದು ಕೇಳಿದಳು. ನಾನು, "ಹಳೇ ಅರಿವಿ, ಮಲಗವಾ" ಎಂದೆ. ಮಲಗಿದ್ದು ಅವಳು. ನಾನಲ್ಲ. ಫೋಟೋದ ಉಬ್ಬಿಗೂ ಕೌದಿಯ ಮೂಲೆಗೂ ಒಂದೇ ಉತ್ತರವಿದೆ. ಅದನ್ನು ಬಲ್ಲವರಲ್ಲಿ ಈಗ ಉಳಿದವಳು ನಾನೊಬ್ಬಳೇ.

ನಿಮ್ಮ ತಾಯಿ ಶಾಂತಾಳ ಮದುವೆಯ ಕಾಲದ ಮಾತಿದು. ಆಗ ದೊಡ್ಡ ಯುದ್ಧ ನಡೆದಿತ್ತು. ಅದು ಎಲ್ಲಿ ನಡೆದಿತ್ತೆಂದು ನನಗೆ ಸರಿಯಾಗಿ ತಿಳಿದಿರಲಿಲ್ಲ. ಆದರೆ ಹುಬ್ಬಳ್ಳಿಯ ಅಂಗಡಿಗಳಲ್ಲಿದ್ದ ಅರಿವೆಯನ್ನೆಲ್ಲ ಅದು ತಿಂದುಹಾಕಿದೆ ಎಂಬುದು ತಿಳಿದಿತ್ತು. ಒಂದು ಸೀರೆಗೆ ಮುಂಜಾನೆಯಿಂದ ಪಾಳಿ ನಿಲ್ಲಬೇಕು. ನಿಂತರೂ ಸಿಕ್ಕಿದ್ದನ್ನು ತರಬೇಕು. ಸಕ್ಕರೆಗೂ ಕಾರ್ಡು, ಸೀಮೆಎಣ್ಣೆಗೂ ಕಾರ್ಡು. ಇಂಥ ಕಾಲದಲ್ಲಿ, ಗಂಡ ತೀರಿಕೊಂಡು ಆರು ವರ್ಷವಾದ ನಾನು, ಹಳೇ ಹುಬ್ಬಳ್ಳಿಯ ಓಣಿಯೊಂದರ ಎರಡು ಕೋಣೆಯ ಮನೆಯಲ್ಲಿ ಕುಳಿತು ಮಗಳ ಮದುವೆ ಮಾಡಬೇಕಾಗಿತ್ತು.

ವರ ನೋಡಿದವನು ನನ್ನ ಅಣ್ಣ ವೀರಪ್ಪ. ಉಪ್ಪಿನಬೆಟಗೇರಿಯ ಚನ್ನಬಸಪ್ಪನವರು, ಅಂದರೆ ಫೋಟೋದಲ್ಲಿರುವ ನಿಮ್ಮ ಅಜ್ಜ, ಮಗನನ್ನು, ಅಂದರೆ ನಿಮ್ಮ ಅಪ್ಪನನ್ನು, ಕರೆದುಕೊಂಡು ಶಾಂತಾಳನ್ನು ನೋಡಲು ಬಂದದ್ದು, ಉಪ್ಪಿಟ್ಟು ತಿಂದದ್ದು, ಒಪ್ಪಿದ್ದು ಎಲ್ಲ ಒಂದೇ ತಾಸಿನಲ್ಲಿ ಮುಗಿಯಿತು. ನನಗೆ ದಿಗ್ಭ್ರಮೆ. ನಮ್ಮ ಮನೆಯಲ್ಲಿ ಬದನೆಕಾಯಿ ಆರಿಸುವುದಕ್ಕೂ ಅದಕ್ಕಿಂತ ಹೊತ್ತು ಹಿಡಿಯುತ್ತಿತ್ತು. "ಅಣ್ಣಾ, ಮನಿತನ ಹೆಂಗೋ ಏನೋ, ಒಂದೀಟು ವಿಚಾರ ಮಾಡೋಣು" ಎಂದು ಬಾಗಿಲ ಹಿಂದಿನಿಂದ ಅಂದೆ. ಅಣ್ಣ ಮೀಸೆ ತಿರುವಿ, "ವಿಚಾರ ಏನ ಮಾಡ್ತಿ ತಂಗೀ? ಬೀಗರ ತಲಿ ಮ್ಯಾಲಿನ ರುಮಾಲ ನೋಡಿದಿಲ್ಲೋ? ಹದಿನೆಂಟು ಮೊಳ, ಉಂಗುರದಾಗ ಹಾದು ಹೋಗೂವಂಥಾ ನೂಲು! ಅಂಥಾ ರುಮಾಲ ಸುತ್ತೂ ಮನಿತನಾ ಕೇಳಬೇಕೇನು?" ಎಂದ. ರುಮಾಲನ್ನು ನಾನು ಸಂದಿಯಿಂದ ಅರ್ಧ ಮಾತ್ರ ನೋಡಿದ್ದೆ. ಬೀಗರ ಮುಖವನ್ನೂ ಅರ್ಧವೇ ನೋಡಿದ್ದೆ. ನೋಡಿದ ಅರ್ಧ ಬಹಳ ಬಿಗಿಯಾಗಿತ್ತು.

ಮದುವೆ ಗೊತ್ತಾದ ಮೇಲೆ ಮನೆ ಜೇನುಗೂಡಾಯಿತು. ಆದರೆ ಆ ಗೂಡಿನಲ್ಲಿ ನನಗೆ ಕೆಲಸವಿರಲಿಲ್ಲ. ಗಂಡನಿಲ್ಲದವಳು ಅರಿಷಿಣ ಕುಟ್ಟುವ ಒನಕೆ ಮುಟ್ಟಬಾರದು, ಹಂದರದ ಕಂಬ ಪೂಜಿಸಬಾರದು, ಬಳೆ ತೊಡಿಸುವಾಗ ಎದುರಿಗಿರಬಾರದು. ಯಾರೂ ಹಾಗೆಂದು ಬಿರುಸಾಗಿ ಹೇಳಲಿಲ್ಲ, ಪಾಪ. "ದಣದೀರಿ, ಕುಂದರ್ರಿ" ಎನ್ನುತ್ತಿದ್ದರು. ಒಂದು ಕೆಲಸವನ್ನೂ ಮಾಡದವಳಿಗೆ ಎಲ್ಲಿಯ ದಣಿವು? ಆ ತಿಂಗಳು ನಾನು ಕುಳಿತಷ್ಟು ಇಡೀ ಜನ್ಮದಲ್ಲಿ ಕುಳಿತಿಲ್ಲ. ಹೆತ್ತ ಮಗಳ ಮದುವೆಯನ್ನು ನೆರೆಮನೆಯ ಮದುವೆಯಂತೆ ನೋಡುತ್ತ ಕೂತಾಗ, ಹೊಳೆದದ್ದು ಕೌದಿ. ಮಗಳ ಜೊತೆ ಕಳಿಸಲು ಒಂದು ಕೌದಿ ಬೇಕಲ್ಲ! ಹಳೆಯ ಅರಿವೆಯ ತುಂಡು ಜೋಡಿಸಿ ಸೂಜಿಯಲ್ಲಿ ಹೊಲಿಯುವ ಕೆಲಸಕ್ಕೆ ಮುತ್ತೈದೆಯೇ ಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಹೇಳಿದ್ದರೂ ನಮ್ಮ ಓಣಿಯವರಿಗೆ ಗೊತ್ತಿರಲಿಲ್ಲ. ನಾನು ಸೂಜಿ ಹಿಡಿದೆ, ಹಿಡಿದದ್ದು ಬಿಡಲಿಲ್ಲ.

ಆ ಮಧ್ಯಾಹ್ನಗಳ ಸುಖವನ್ನು ಹೇಗೆ ಹೇಳಲಿ! ಊಟದ ಮೇಲೆ ಓಣಿಯ ನಾಲ್ಕೈದು ಹೆಂಗಸರು ಬರುತ್ತಿದ್ದರು. ನಡುವೆ ಕೌದಿ, ಸುತ್ತಲೂ ನಾವು, ಒಂದು ಬುಟ್ಟಿ ಚುರಮರಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಬೆಲ್ಲದ ಚಹಾ. ಒಬ್ಬೊಬ್ಬರೂ ತಂದುಕೊಟ್ಟ ಹಳೆಯ ಅರಿವೆಗೆ ಒಂದೊಂದು ಪುರಾಣ. "ಇದು ನಮ್ಮತ್ತೀದು. ಅರಿವಿ ಮೆತ್ತಗೈತಿ, ಅತ್ತಿ ಅಲ್ಲ" ಎಂದು ಒಬ್ಬಳು ಹೇಳಿದರೆ, "ಇದು ನನ್ನ ಗಂಡಂದು. ಎಲ್ಲೆ ಹರದೈತಿ ನೋಡ್ರಿ, ಮೊಣಕಾಲಿನ್ಯಾಗ. ದೇವರಿಗೆ ನಮಸ್ಕಾರ ಹಾಕಿ ಹಾಕಿ ಹರದಿಲ್ಲ, ಇಸ್ಪೀಟ ಆಡಿ ಹರದೈತಿ" ಎಂದು ಇನ್ನೊಬ್ಬಳು. ಎಲ್ಲರಿಗಿಂತ ಹೆಚ್ಚು ನಗಿಸುತ್ತಿದ್ದವಳು ಪಕ್ಕದ ಮನೆಯ ಖಾತೂನಬಿ. ಅವಳ ಗಂಡ ದಸ್ತಗೀರ ಟೇಲರು. ಅವರ ಅಂಗಡಿಯ ಕತ್ತರಿಸಿ ಉಳಿದ ತುಂಡುಗಳೆಲ್ಲ ನಮ್ಮ ಕೌದಿಗೇ ಬರುತ್ತಿದ್ದವು. ಒಳಪದರಕ್ಕೆ ನಾನು ನಿಮ್ಮ ತಾಯಿಯ ಅಪ್ಪನ ಎರಡು ಧೋತರ ಹಾಸಿದೆ. ಆ ಮನುಷ್ಯ ಮಗಳ ಮದುವೆಯಲ್ಲಿ ಇರಬೇಕಾಗಿತ್ತು. ಹೀಗಾದರೂ ಇರಲಿ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ, ಖಾತೂನಬಿ ನೋಡಿದಳು, ಸುಮ್ಮನೆ ಸೂಜಿಗೆ ದಾರ ಪೋಣಿಸಿ ಕೊಟ್ಟಳು.

ಕೌದಿ ಮುಗಿಯುತ್ತ ಬಂದಾಗ ಅಂಚಿಗೆ ಅರಿವೆ ಸಾಲದಾಯಿತು. ಹದಿನೆಂಟು ಮೊಳ ಅಂಚು ಬೇಕು; ಅದೂ ಒಂದೇ ಬಣ್ಣದ್ದು. ಯುದ್ಧದ ಕಾಲದಲ್ಲಿ ಹದಿನೆಂಟು ಮೊಳ! ನಾನು ಚಿಂತೆಯಲ್ಲಿದ್ದಾಗಲೇ ಒಂದು ದಿನ ಅಣ್ಣ ಬಂದ. ಒಬ್ಬನೇ ಬಂದಿದ್ದರೆ ನಾನು ಹೊರಗೆ ಹೋಗಿ ಮಾತಾಡುತ್ತಿದ್ದೆ, ಈ ಕಥೆಯೇ ಇರುತ್ತಿರಲಿಲ್ಲ. ಅವನ ಜೊತೆ ಬೀಗರಿದ್ದರು. ತಲೆಗೆ ಬರೀ ಒಂದು ಬಿಳಿ ಟವೆಲ್ಲು ಸುತ್ತಿದ್ದರು. ಬೀಗರನ್ನು ಕಂಡದ್ದೇ ನಾನು ಒಳಗೆ ಓಡಿ ಹಿಟ್ಟಿನ ಡಬ್ಬಿಯ ಹಿಂದೆ ನಿಂತೆ. "ತಂಗೀ, ಕಟ್ಟಿ ಮ್ಯಾಲೆ ಗಂಟ ಇಟ್ಟೀನಿ. ರೇಲ್ವೆ ಹೊತ್ತಾತು, ಬರ್ತೀವಿ!" ಎಂದು ಅಣ್ಣ ಕೂಗಿದ. ಹೋದರು. ಹೊರಗೆ ಬಂದು ಗಂಟು ಬಿಚ್ಚಿದೆ. ಕೆಳಗೆ ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಕೌದಿಗೆಂದು ಕಳಿಸಿದ ಹಳೆಯ ಕುಪ್ಪಸಗಳು. ಅವುಗಳ ಮೇಲೆ, ನೀಟಾಗಿ ಮಡಚಿದ, ಬಣ್ಣ ಹೋಗಿ ಉಳ್ಳಾಗಡ್ಡಿ ಸಿಪ್ಪೆಯಂತಾದ, ಬೆಣ್ಣೆಯಂಥ ಉದ್ದನೆಯ ಅರಿವೆ. ಮೊಳ ಹಾಕಿ ನೋಡಿದೆ. ಸರಿಯಾಗಿ ಹದಿನೆಂಟು!

ನನ್ನ ವೈನಿ ಕೈಬಿಗಿಯ ಹೆಂಗಸು. ಮಜ್ಜಿಗೆ ಕೊಟ್ಟರೂ ಮೊದಲು ಎರಡು ಸಲ ನೀರು ಬೆರೆಸುವವಳು. ಅಂಥವಳು ಇಂಥ ಅರಿವೆ ಕಳಿಸಿದ್ದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. "ನೋಡ್ರಿ, ಮಂದೀನ್ನ ಸುಳ್ಳಽ ಅನ್ನಬಾರದು" ಎಂದು ಓಣಿಗೆಲ್ಲ ಅವಳನ್ನು ಹೊಗಳಿದೆ. ಮಧ್ಯಾಹ್ನ ಚುರಮರಿ ಬುಟ್ಟಿ ಬಂತು, ಕತ್ತರಿಯೂ ಬಂತು. ಒಂದೇ ಉದ್ದ ತುಂಡು ಹಚ್ಚಿದರೆ ಅಂಚು ಸೆಟೆದುಕೊಳ್ಳುತ್ತದೆ, ಎರಡೆರಡು ಮೊಳ ಮಾಡಿ ಹಚ್ಚಬೇಕೆಂದು ನಮ್ಮತ್ತೆ ಕಲಿಸಿದ್ದರು. ಹಿರಿಯರ ಮಾತು ಮೀರಲಿಲ್ಲ. ಎಂಟು ಸಲ ಕತ್ತರಿ ಹಾಕಿದೆ. ಒಂಬತ್ತು ತುಂಡು. ನಾಲ್ಕು ದಿನದಲ್ಲಿ ಅಂಚು ಕೂತಿತು. ಕೊನೆಯ ಮೂಲೆ ಹೊಲಿಯುವ ಮೊದಲು ಕೌದಿಯ ಹೊಟ್ಟೆ ತುಂಬಿಸಬೇಕು. ಹಸಿದ ಕೌದಿಯನ್ನು ಮಗಳ ಜೊತೆ ಕಳಿಸಬಾರದೆಂದು ನಮ್ಮಲ್ಲಿ ಪದ್ಧತಿ. ಒಣಗಿಸಿದ ಹೋಳಿಗೆಯ ಒಂದು ಚೂರನ್ನು ಆ ಮೂಲೆಯಲ್ಲಿಟ್ಟೆ. "ಅಕ್ಕಾರ, ಇರಿವಿ ಬಂದ್ರ?" ಎಂದಳು ಖಾತೂನಬಿ. "ಬರಲಿ ಬಿಡವಾ, ಮದವಿ ಮನಿಗೆ ಇರಿವೀನೂ ಬೀಗರಽ" ಎಂದೆ. ನಾನೂ ಚೇಷ್ಟೆಯ ಮಾತಾಡಿದೆನೆಂದು ಎಲ್ಲರೂ ಸೂಜಿ ಬಿಟ್ಟು ನನ್ನನ್ನೇ ನೋಡಿದರು. ಅಷ್ಟು ಖುಷಿಯಲ್ಲಿದ್ದೆ.

ಖುಷಿಗೆ ಆಯುಷ್ಯ ಎರಡೇ ದಿನ. ಮೂರನೆಯ ದಿನ ಅಣ್ಣ ಬಂದು, ಪಡಸಾಲೆಯಲ್ಲಿ ಹಾಸಿದ್ದ ಕೌದಿಯ ಮೇಲೆ ಕುಳಿತು, ಕಾಲು ಚಾಚಿ, "ಛಲೋ ಹೊಲದೀಯಲ್ಲ ತಂಗೀ!" ಎಂದು ಅಂಚು ಸವರಿದ. ನೀರು ಕುಡಿದ. ಆಮೇಲೆ, "ತಾ, ಆ ರುಮಾಲ ಕೊಡು" ಎಂದ.

"ಯಾವ ರುಮಾಲ ಅಣ್ಣಾ?"

"ಗಂಟಿನ್ಯಾಗ ಮ್ಯಾಲೇ ಇತ್ತಲ್ಲವಾ, ಬೀಗರದು. ಮದವಿಗೆ ಬಣ್ಣಾ ಹಾಕಿಸಿಕೊಡ್ರಿ, ಹುಬ್ಬಳ್ಳಿ ಬಣ್ಣದ ಹಂಗ ನಮ್ಮ ಕಡೆ ಕೂಡಂಗಿಲ್ಲ ಅಂತ ತಾವಽ ಹೊತಗೊಂಡು ಬಂದಿದ್ರು. ಬಣ್ಣಗಾರಗ ಹೇಳಿ ಬಂದೀನಿ."

ನಾನು ಕೌದಿಯ ಅಂಚನ್ನು ನೋಡಿದೆ. ಅಣ್ಣ ಮಾತ್ರ ಹೇಳುತ್ತಲೇ ಇದ್ದ. "ಈಗಿನ ಕಾಲದಾಗ ಅಂಥಾ ಅರಿವಿ ಎಲ್ಲೆ ಸಿಗಬೇಕು? ಜ್ವಾಕಿಂದ ಇಟ್ಟೀಯಿಲ್ಲೋ? ಹಿಂದ ನಮ್ಮೂರಾಗ ಒಂದು ಮದವ್ಯಾಗ ಬೀಗರ ರುಮಾಲ ಮ್ಯಾಲೆ ಯಾರೋ ಕಾಲಿಟ್ರಂತ ಹಂದರದಾಗಿಂದ ಎದ್ದು ಹೋಗಿಬಿಟ್ರು. ರುಮಾಲ ಅಂದ್ರ ತಲಿ ಇದ್ದಂಗ. ಅದರ ಮ್ಯಾಲೆ ಕಾಲಿಡೋದಂದ್ರೇನು!" ಹೀಗೆನ್ನುತ್ತ ಅವನು ಕೌದಿಯ ಮೇಲೆ ಆ ಕಾಲಿನ ಮೇಲೆ ಈ ಕಾಲು ಹಾಕಿದ. ಅಣ್ಣನ ಹಿಮ್ಮಡಿ ಸರಿಯಾಗಿ ಅಂಚಿನ ಮೇಲಿತ್ತು. ಒಳಗೆ ಶಾಂತಾ ಕನ್ನಡಿಯ ಮುಂದೆ ಹೆರಳು ಹಾಕಿಕೊಳ್ಳುತ್ತ ಹಾಡಿಕೊಳ್ಳುತ್ತಿದ್ದಳು. ಮಗಳ ಬಾಳನ್ನು ನಾನು ಒಂಬತ್ತು ತುಂಡು ಮಾಡಿ, ಸುತ್ತಲೂ ಹಚ್ಚಿ, ಅಣ್ಣನನ್ನು ಅದರ ಮೇಲೆ ಕೂಡಿಸಿದ್ದೆ.

"ಒಗ್ದ ಹಾಕೀನಿ ಅಣ್ಣಾ, ಹಸಿ ಐತಿ" ಎಂದೆ. ಬಾಯಿಂದ ತಾನಾಗಿ ಬಂತು. "ಬಣ್ಣಗಾರಗ ನಾನಽ ಕಳಸ್ತೀನಿ." ಅಣ್ಣ, "ಶಾಣ್ಯಾಕಿ" ಎಂದು ತಲೆ ಸವರಿ ಹೋದ. ಮಾತೇ ಬಾರದ ಹೆಂಗಸಿಗೆ ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಹಳ್ಳಿಯ ಮಾಸ್ತರರು ಇದ್ದಿದ್ದರೆ ಸಂತೋಷಪಡುತ್ತಿದ್ದರು.

ಖಾತೂನಬಿಯ ಮನೆಗೆ ಓಡಿದೆ. ಅವಳು ಕೇಳಿ ಮೊದಲು ನಕ್ಕಳು, ನನ್ನ ಮುಖ ನೋಡಿ ನಿಲ್ಲಿಸಿದಳು, ಮತ್ತೆ ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. "ಯಾ ಅಲ್ಲಾ! ಬೀಗರ ತಲೀ ಮ್ಯಾಲಿಂದು ಮಗಳ ಕಾಲ ಕೆಳಗ! ಅಳಬ್ಯಾಡ್ರಿ ಅಕ್ಕಾರ. ಹೊಲದದ್ದು ಬಿಚ್ಚಾಕ ಬರತೈತಿ. ಬಿಚ್ಚಿದ್ದು ಹೊಲ್ಯಾಕ ನಮ್ಮವರು ಅದಾರ." ಎರಡು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಇಬ್ಬರೂ ದಾರ ಬಿಚ್ಚಿದೆವು. ನಾಲ್ಕು ದಿನ ಸಣ್ಣ ಹೊಲಿಗೆಯೆಂದು ಹೆಮ್ಮೆಪಟ್ಟು ಹಾಕಿದ್ದೆನಲ್ಲ, ಒಂದೊಂದು ಹೊಲಿಗೆಯೂ ಈಗ ನನ್ನನ್ನು ಹಂಗಿಸಿತು. ಎಂಟು ತುಂಡು ಬಂದವು. ಒಂಬತ್ತನೆಯದಕ್ಕೆ ಕತ್ತರಿಯ ತುದಿ ಹಚ್ಚಿದಾಗ ಖಾತೂನಬಿ ನನ್ನ ಕೈ ಹಿಡಿದಳು. "ಇದು ಹೋಳಿಗಿ ಮೂಲಿ. ಹೊಟ್ಟಿ ತುಂಬಿದ್ದನ್ನ ಬಿಚ್ಚಬ್ಯಾಡ್ರಿ. ಕೂಸಿನ ಬಾಯಾಗಿನ ತುತ್ತು ಕಸಗೊಂಡಂಗ ಆಗತೈತಿ." ಪದ್ಧತಿ ನಮ್ಮದು, ನೆನಪಿಟ್ಟವಳು ಅವಳು. ಆ ಮೂಲೆ ಹಾಗೇ ಉಳಿಯಿತು. ಉಳಿದ ಅಂಚಿಗೆ ಏನು ಹಚ್ಚುವುದು? ಪೆಟ್ಟಿಗೆಯ ತಳದಲ್ಲಿ ಆರು ವರ್ಷದಿಂದ ಮುಟ್ಟದ ನನ್ನ ಮದುವೆಯ ಇಳಕಲ್ಲ ಸೀರೆ ಇತ್ತು. ನಾನು ಉಡುವಂತಿರಲಿಲ್ಲ. ಅದರ ಕೆಂಪು ದಡಿ ಕತ್ತರಿಸಿ ಹಚ್ಚಿದೆ. ಹಂದರದ ಹತ್ತಿರ ನನ್ನ ಕೈ ಬೇಡವಾಗಿತ್ತು. ನನ್ನ ಮದುವೆ ಸೀರೆಯ ದಡಿಯನ್ನು ಮಾತ್ರ ಯಾರೂ ಬೇಡವೆನ್ನಲಿಲ್ಲ.

ದಸ್ತಗೀರ ಕಾಕಾ ಮಾತು ಕಡಿಮೆಯ ಮನುಷ್ಯ. ಎಂಟು ತುಂಡು ಮಷಿನ್ನಿನ ಮೇಲೆ ಸಾಲಾಗಿಟ್ಟು, "ಇದು ರುಮಾಲೋ, ಪುಣೇ ಗಾಡಿಯೋ? ಇಷ್ಟು ಡಬ್ಬಿ ಜೋಡಸೂದು ಟೇಲರ ಕೆಲಸಲ್ಲ" ಎಂದರು. ಆದರೂ ಜೋಡಿಸಿದರು. ಏಳು ಹೊಲಿಗೆ. ಬಣ್ಣಗಾರ ಅದನ್ನು ಕಡುಗೆಂಪು ಮಾಡಿಕೊಟ್ಟ ಮೇಲೆ ದೂರದಿಂದ ಏನೂ ಕಾಣುತ್ತಿರಲಿಲ್ಲ. ಹತ್ತಿರದಿಂದ ಎಲ್ಲವೂ ಕಾಣುತ್ತಿತ್ತು. "ಬಿಚ್ಚಿ ನೋಡಿದ್ರ ಅಲ್ಲೇನು ಕಾಣೂದು?" ಎಂದಳು ಖಾತೂನಬಿ. "ಗಂಜಿ ಹಾಕಿ, ಸುತ್ತಿಽ ಕಳಸೋಣು. ಬೀಗರು ಟೋಪಿ ಇಟ್ಟಂಗ ತಲಿ ಮ್ಯಾಲೆ ಇಟಗೋಳಿ." ಸುತ್ತಬೇಕಾದರೆ ತಲೆಯ ಅಳತೆ ಬೇಕು. "ನಾ ಬೀಗರನ್ನ ಅರ್ಧಽ ನೋಡೀನಿ" ಎಂದೆ. "ಅರ್ಧ ನೋಡಿದ್ರ ಅದನ್ನ ಎರಡು ಮಾಡ್ರಿ!" ಎಂದಳು. ಮನೆಯ ಗಡಿಗೆಗಳನ್ನೆಲ್ಲ ಬೋರಲು ಹಾಕಿ ನೋಡಿದೆವು. ಹಾಲಿನ ಗಡಿಗೆ ಸಣ್ಣದು, ನೀರಿನ ಕೊಡ ವಿಪರೀತ. ಕೊನೆಗೆ ಉಪ್ಪಿನಕಾಯಿಯ ಗಡಿಗೆ ಬೀಗರ ತಲೆಯಂತೆ ಕಂಡಿತು. ದಸ್ತಗೀರ ಕಾಕಾ ಅದರ ಮೇಲೆ ರುಮಾಲು ಸುತ್ತಿದರು. ಆಗ ಗೊತ್ತಾಯಿತು: ಎರಡು ಮೊಳದ ಒಂದೊಂದು ತುಂಡು ತಲೆಯ ಒಂದೊಂದು ಸುತ್ತಿಗೆ ಸರಿ. ಹೀಗಾಗಿ ಏಳು ಹೊಲಿಗೆಗಳೂ ಒಂದರ ಮೇಲೊಂದು ಒಂದೇ ಕಡೆ ಬಂದು ಕೂತವು. ಎಡಗಿವಿಯ ಮೇಲೆ, ನಿಂಬೆಹಣ್ಣು ಇಟ್ಟಂತೆ, ಒಂದು ಉಬ್ಬು. ಒತ್ತಿದೆವು, ತಟ್ಟಿದೆವು, ಮೇಲೆ ಕಲ್ಲಿಟ್ಟೆವು. ಅದು ಬಗ್ಗಲಿಲ್ಲ.

ಮದುವೆಯ ದಿನ ಬೀಗರ ಚಕ್ಕಡಿಗಳು ರಾಯಾಪುರ ದಾಟಿದವೆಂದು ಸುದ್ದಿ ಬಂದಾಗ ಊರೆಲ್ಲ ಹಿಗ್ಗಿತು, ನಾನು ಕುಗ್ಗಿದೆ. ಬೀಗರು ಇಳಿದುಕೊಂಡ ಬಿಡಾರಕ್ಕೆ ಅಣ್ಣ ರುಮಾಲು ಒಯ್ದುಕೊಟ್ಟು ಬಂದ. "ಸುತ್ತಿ ಕಳಿಸ್ಯಾರ, ಎಂಥಾ ಮರ್ಯಾದಿ ಗೊತ್ತಿದ್ದ ಮಂದಿ ಅಂತ ಬೀಗರು ಭಾಳ ಖುಷಿ ಆದ್ರು" ಎಂದ. ನಾನು ಬಾಗಿಲ ಹಿಂದೆ ನನ್ನ ಜಾಗದಲ್ಲಿ ನಿಂತು ಸಂದಿಗೆ ಕಣ್ಣು ಹಚ್ಚಿದೆ. ಬೀಗರು ಬಂದರು. ಕೆಂಪು ರುಮಾಲು ದೀಪದಂತೆ ಹೊಳೆಯುತ್ತಿತ್ತು. ಉಬ್ಬು ಬೀಗರಿಗಿಂತ ಒಂದು ಹೆಜ್ಜೆ ಮೊದಲೇ ಹಂದರದೊಳಗೆ ಬಂದಂತೆ ನನಗೆ ಕಂಡಿತು. ಅಕ್ಷತೆ ಬಿತ್ತು. ನನ್ನ ಮಗಳ ತಲೆಯ ಮೇಲೆ ಅಕ್ಷತೆ ಬೀಳುವುದನ್ನು ನಾನು ನೋಡಲಿಲ್ಲ, ಮಕ್ಕಳೇ. ನಾನು ನೋಡುತ್ತಿದ್ದದ್ದು ಬೀಗರ ಎಡಗಿವಿಯನ್ನು.

ಅಕ್ಷತೆಯಾದ ಮೇಲೆ ಆಯೇರಿ. ಬೀಗರಿಗೆ ಹೊಸ ಅರಿವೆ ಕೊಡುವ ಶಾಸ್ತ್ರ. ಅವರು ತಮ್ಮ ರುಮಾಲು ತೆಗೆಯಬೇಕು, ನಮ್ಮವರು ಹೊಸದು ಸುತ್ತಬೇಕು. ಹೊಸದೆಂದರೆ ಕಾರ್ಡಿನ ಮೇಲೆ ಸಿಕ್ಕ ಎರಡು ಮೊಳದ ಟವೆಲ್ಲು. ಈ ಶಾಸ್ತ್ರ ನನಗೆ ನೆನಪೇ ಇರಲಿಲ್ಲ! ಬೀಗರು ಎರಡೂ ಕೈಯಿಂದ ರುಮಾಲೆತ್ತಿ ಕೊಟ್ಟರು. ಅಣ್ಣ ಅದನ್ನು ಕಣ್ಣಿಗೊತ್ತಿಕೊಂಡ. ಅಷ್ಟಕ್ಕೆ ಬಿಡಬೇಕೋ ಬೇಡವೋ? "ಇದನ್ನ ಹಿಂಗ ಇಡಬಾರದ್ರಿ, ಬಿಚ್ಚಿ ಮಡಚಿ ಇಡ್ತೀನಿ" ಎಂದು ರುಮಾಲಿನ ಸೆರಗು ಎಳೆದ. ಒಂದು ಸುತ್ತು ಬಿಚ್ಚಿತು. ಮೊದಲನೆಯ ಹೊಲಿಗೆ ಹೊರಗೆ ಬಂದು ಹಂದರದ ಬಿಸಿಲಿನಲ್ಲಿ ನಿಂತಿತು. ಅಣ್ಣ ಜನರ ಕಡೆ ನೋಡುತ್ತಿದ್ದ, ಕಾಣಲಿಲ್ಲ. ಬೀಗರಿಗೆ ಕಂಡಿತು. ಅವರ ಬಾಯಿ ತೆರೆಯಿತು. "ಬ್ಯಾಡ್ರಿ! ಬ್ಯಾಡ್ರಿ, ಬಿಡ್ರಿ!" ಎಂದು ರುಮಾಲನ್ನು ಕಸಿದುಕೊಂಡು ಕಂಕುಳಲ್ಲಿಟ್ಟರು. "ನೀರಡಿಕಿ ಆಗೈತಿ" ಎಂದು ಎದ್ದರು. ಹಿತ್ತಲ ಕಡೆ, ನಾನಿದ್ದ ಕಡೆಯೇ ಬಂದರು.

ನನಗೆ ಓಡಲು ಜಾಗವಿರಲಿಲ್ಲ. ಹಿಂದೆ ಕುದಿಯುವ ಸಾರಿನ ಹಂಡೆ, ಮುಂದೆ ಬೀಗರು. ಮೊದಲ ಸಲ ಅವರ ಮುಖವನ್ನು ಪೂರ್ತಿ ನೋಡಿದೆ. "ನಾನಽ ಕತ್ತರಿಸೀನ್ರಿ!" ಎಂದೆ. ಹಂಡೆ ಕುದಿದು ಉಕ್ಕಿದಂತೆ ಮಾತು ಉಕ್ಕಿತು. "ಕೌದಿ ಅರಿವಿ ಅಂತ ತಿಳಿದು ಕತ್ತರಿಸೀನ್ರಿ. ನನ್ನ ಮಗಳಿಗೆ ಗೊತ್ತಿಲ್ರಿ, ಅಣ್ಣಗೂ ಗೊತ್ತಿಲ್ರಿ. ಆಕೀಗೆ ಏನೂ ಅನಬ್ಯಾಡ್ರಿ, ನನಗ ಏನ ಬೇಕಾದ್ದು ಅನ್ರಿ!"

"ಬೀಗತೇರ," ಎಂದರು ಅವರು, ಹಿಂದೆ ಮುಂದೆ ನೋಡಿ, "ಸಣ್ಣಾಗಿ ಮಾತಾಡ್ರಿ."

ಹುಟ್ಟಿದಾಗಿನಿಂದ ಯಾರೂ ನನಗೆ ಆ ಮಾತು ಹೇಳಿರಲಿಲ್ಲ.

"ಎಷ್ಟು ತುಂಡು?"

"ಒಂಬತ್ತು ಮಾಡಿದ್ದೆರಿ. ಎಂಟು ಇದರಾಗ ಅದಾವು. ಒಂದು ಕೌದ್ಯಾಗ ಉಳದೈತಿ. ಅದರ ಹೊಟ್ಟ್ಯಾಗ ಹೋಳಿಗಿ ಐತ್ರಿ, ಬಿಚ್ಚಾಕ ಬರಂಗಿಲ್ಲ."

ಬೀಗರು ಬೀಸುವ ಕಲ್ಲಿನ ಮೇಲೆ ಕುಸಿದು ಕೂತರು. "ಸತ್ತೆ" ಎಂದರು. ನಾನು ಸೆರಗೊಡ್ಡಿ ಬೇಡಿಕೊಳ್ಳಬೇಕೆನ್ನುವಷ್ಟರಲ್ಲಿ ಅವರೇ ಕೈಮುಗಿದರು. "ಬೀಗತೇರ, ನಿಮ್ಮ ಕಾಲಿಗೆ ಬೀಳ್ತೀನಿ, ನಿಮ್ಮ ಅಣ್ಣಾರಿಗೆ ಹೇಳಬ್ಯಾಡ್ರಿ. ಈ ರುಮಾಲ ನನ್ನದಲ್ಲ."

"ಆಂ?"

"ನಮ್ಮೂರ ಗೌಡ್ರದು. ಹೆಣ್ಣು ನೋಡಾಕ ಬರೂಮುಂದ ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದೆ. ನಿಮ್ಮ ಅಣ್ಣಾರು ಅದನ್ನ ನೋಡಿ ಹೊಗಳಿದ್ರು, ಹೊಗಳಿದ್ರು, ಮುಗಿಯಂಗಽ ಇಲ್ಲ. ಅಷ್ಟು ಹೊಗಳಿದ ಮ್ಯಾಲೆ ಮದವ್ಯಾಗ ಬ್ಯಾರೇದು ಹೆಂಗ ಸುತ್ತಲಿ? ಬಣ್ಣಾ ಹಾಕಿಸಿ ಕೊಡ್ತೀನಿ ಅಂತ ಹೇಳಿ ಮತ್ತ ತಂದೆ. ನನ್ನ ಸ್ವಂತದ್ದು ಅಂದ್ರ ಆ ಬಿಳಿ ಟವೆಲ್ಲೊಂದಽ. ಈಗ ಗೌಡ್ರಿಗೆ ಏನ ಹೇಳಲಿ?"

 ಹದಿನೈದು ದಿನ ಅನ್ನ ಬಿಟ್ಟಿದ್ದೆ. ಮದುವೆ ಸೀರೆ ಕತ್ತರಿಸಿದ್ದೆ. ಉಪ್ಪಿನಕಾಯಿಯ ಗಡಿಗೆಗೆ ಬೀಗರೆಂದು ಕೈಮುಗಿದಿದ್ದೆ. ಇಷ್ಟೂ ಹೆದರಿಕೆ ಇನ್ಯಾರದೋ ತಲೆಗೆ ಸೇರಿದ್ದು! ಬಿಗಿ ಎಂದು ನಾನು ತಿಳಿದಿದ್ದ ಆ ಮುಖವನ್ನು ಈಗ ಹತ್ತಿರದಿಂದ ನೋಡಿದೆ. ಅದು ಬಿಗಿಯಲ್ಲ, ನನ್ನ ಹಾಗೆಯೇ ಹೆದರಿದ ಮುಖ. ಅವರಿಗೂ ನಾಲ್ಕು ಜನರೆದುರು ನಿಲ್ಲಲು ಒಂದು ಬಾಗಿಲು ಬೇಕಾಗಿತ್ತು. ಅದನ್ನು ತಲೆಗೆ ಸುತ್ತಿಕೊಂಡು ಬಂದಿದ್ದರು. ಆಗ ನನ್ನ ಬಾಯಿಂದ ಬಂದ ಮಾತನ್ನು ನಾನೇ ಆಡಿದೆನೆಂದು ಇಂದಿಗೂ ನಂಬಲಾರೆ.

"ಗೌಡ್ರಿಗೆ ಎಡಗಿವಿ ಮ್ಯಾಲೆ ಉಬ್ಬು ಬರೂಹಂಗ ಸುತ್ತಿ ತೋರಸ್ರಿ. ಹುಬ್ಬಳ್ಳ್ಯಾಗ ಈಗ ಹಿಂಗಽ ಸುತ್ತತಾರ, ಬಣ್ಣಗಾರನಽ ಹೊಲಿದು ಕೊಡ್ತಾನ ಅನ್ರಿ."

ಬೀಗರು ನನ್ನನ್ನು ನೋಡಿದರು. ಮೀಸೆ ಅಲುಗಿತು. "ಬೀಗತೇರ ಮಾತಾಡಂಗಿಲ್ಲ ಅಂತ ಹೇಳಿದ್ರಲ್ಲ?" ಎಂದು ಎರಡು ತಂಬಿಗೆ ನೀರು ಕುಡಿದು, ಟವೆಲ್ಲು ಸುತ್ತಿಸಿಕೊಳ್ಳಲು ಹೋದರು. ಅವರು ಹೋದ ಮೇಲೆ ನಾನು ಬಾಗಿಲ ಸಂದಿಗೆ ಬಂದು ಮಗಳನ್ನು ನೋಡಿದೆ. ಆಗಲೇ ಗಂಡನ ಪಕ್ಕದಲ್ಲಿ ಭೂಮದ ಊಟಕ್ಕೆ ಕೂತಿದ್ದಳು. ಅವಳ ತಲೆಯಲ್ಲಿ ಇನ್ನೂ ನಾಲ್ಕು ಅಕ್ಷತೆ ಉಳಿದಿದ್ದವು.

ಮುಂದಿನ ವರ್ಷ ನೀಲಾ ಹುಟ್ಟಿ, ಐದು ತಿಂಗಳಾದ ಮೇಲೆ ಬಾಣಂತಿ ಕೂಸು ಇಬ್ಬರನ್ನೂ ಕಳಿಸಲು ನಾನು ಉಪ್ಪಿನಬೆಟಗೇರಿಗೆ ಹೋದೆ. ಚಕ್ಕಡಿ ಊರೊಳಗೆ ಹೊಕ್ಕಾಗ ಕಟ್ಟೆಯ ಮೇಲೆ ಆರೇಳು ಗಂಡಸರು ಕೂತಿದ್ದರು. ಎಲ್ಲರ ಎಡಗಿವಿಯ ಮೇಲೂ ನಿಂಬೆಹಣ್ಣಿನಷ್ಟು ಉಬ್ಬು!  ಹೊಲಿಗೆಯಿಲ್ಲದವರು ಒಳಗೆ ಚಿಂದಿ ತುರುಕಿಕೊಂಡಿದ್ದರು. ನಡುವೆ ಕಡುಗೆಂಪು ರುಮಾಲಿನ ಗೌಡರು, ಕೂಸನ್ನು ನೋಡಲು ಇಳಿದು ಬಂದು, "ನಿಮ್ಮ ಹುಬ್ಬಳ್ಳಿ ಮಂದಿ ಶಾಣ್ಯಾರು ಬಿಡ್ರಿ. ಮೊದಲ ಒಂಬತ್ತು ಸುತ್ತು ಬರತಿತ್ತು, ಈಗ ಎಂಟಕ್ಕಽ ಇಷ್ಟು ಗತ್ತು!" ಎಂದರು. ಅವರ ಹಿಂದೆ ನಿಂತಿದ್ದ ಬೀಗರು ಆಕಾಶ ನೋಡುತ್ತಿದ್ದರು. ಯುದ್ಧ ಮುಗಿದು ಅರಿವೆ ಸಿಗತೊಡಗಿದಾಗ ನಿಮ್ಮ ಅಜ್ಜ ಮೊದಲು ಕೊಂಡದ್ದು ಸ್ವಂತದ ರುಮಾಲು. ಅದನ್ನು ಉಬ್ಬಿಸಿಯೇ ಸುತ್ತಿ ಫೋಟೋ ತೆಗೆಸಿದರು. ಆಮೇಲೆ ಹುಬ್ಬಳ್ಳಿಗೆ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು, "ಬೀಗತೇರ, ರುಮಾಲ ತೆಗೀಲಿಕ್ಕೆ ಅಡ್ಡಿಯಿಲ್ಲಲ್ಲ? ಮನ್ಯಾಗ ಕೌದಿ ಹೊಲ್ಯಾಕತ್ತಿಲ್ಲಲ್ಲ?" ಎಂದು ಕೇಳಿ, ಎಲ್ಲಕ್ಕಿಂತ ಎತ್ತರದ ಗೂಟಕ್ಕೆ ಹಾಕುತ್ತಿದ್ದರು. ಉಳಿದವರಿಗೆ ಅದರಲ್ಲಿ ನಗುವಂಥದ್ದೇನಿದೆಯೆಂದು ತಿಳಿಯುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಅವರು ಹೋದರು. ಗೌಡರು, ಖಾತೂನಬಿ, ದಸ್ತಗೀರ ಕಾಕಾ, ನನ್ನ ಅಣ್ಣ, ಎಲ್ಲರೂ ಅದಕ್ಕೂ ಮೊದಲೇ ಹೋಗಿದ್ದರು.

ಬಸೂ, ನಿನ್ನ ನಿಬಂಧವನ್ನು ತಿದ್ದಬೇಡ. ಮುತ್ತಜ್ಜನ ಮುತ್ತಜ್ಜ ಎನ್ನುವಲ್ಲಿ ನಿನ್ನ ಆಯಿ ಇದ್ದಾಳೆಂದು ನಿನಗೆ ಗೊತ್ತಿದ್ದರೆ ಸಾಕು. ನೀಲಾ, ಆ ಮೂಲೆ ಮುಖದ ಕಡೆ ಬರುವಂತೆ ಹೊದ್ದುಕೊ, ಕಾಲ ಕಡೆ ಬೇಡ, ಅದು ಊರಗೌಡರದು. ಈರಣ್ಣಾ, ನೀನಿನ್ನೂ ಓದಲಾರೆ. ಅಕ್ಕನ ಕೈಯಲ್ಲಿ ಓದಿಸಿ ಕೇಳು. ನಿಮ್ಮ ತಾಯಿಗೆ ಈಗಲೇ ತೋರಿಸಬೇಡಿ, ಅವಳು ನಗುವುದನ್ನು ಬಿಟ್ಟು ಅಂಚು ಬಿಚ್ಚಿ ನೋಡಿಯಾಳು. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಫೋಟೋದ ಹಿಂದೆ ಇಡಿರಿ, ಪುಸ್ತಕದಲ್ಲಿ ಇಡಿರಿ, ಎಲ್ಲಿ ಬೇಕಾದರೂ ಇಡಿರಿ. ಮನೆಯ ಯಾವ ಗಂಟಿನಲ್ಲಿ ಮಾತ್ರ ಇಡಬೇಡಿ. ಮುಂದಿನ ತಿಂಗಳು ನಾನು ಬರುತ್ತಿದ್ದೇನೆ. ಈರಣ್ಣನಿಗೊಂದು ಕೌದಿ ಹೊಲಿಯಬೇಕಾಗಿದೆ, ಅಂಚಿಗೆ ಏನೂ ಸಿಕ್ಕಿಲ್ಲ, ಮತ್ತು ನನ್ನ ಕಣ್ಣು ಆಗಿನಷ್ಟೂ ಚೆನ್ನಾಗಿಲ್ಲ.